ಕೇಳುವವನನ್ನು ಕೇಳುವವರು ಯಾರು?
(ಪ್ಯಾಟ್ ಬಾರ್ಕರ್ ಅವರ 'ರೀಜನರೇಶನ್' ಕಾದಂಬರಿತ್ರಯದ ಒಂದು ಓದು)



ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಕೆಲಸ. ಪ್ರಶ್ನೆ ಹಾಕಿದರೂ ಕೇಳಿದಂತೆಯೇ, ಕಿವಿಗೊಟ್ಟರೂ ಕೇಳಿದಂತೆಯೇ. ಮನೋವೈದ್ಯರು ದಿನವೂ ಈ ಎರಡನ್ನೂ ಮಾಡುತ್ತಾರೆ. ಮೊದಲು ರೋಗಿಯನ್ನು ಕೇಳುತ್ತಾರೆ, ಆಮೇಲೆ ಅವನು ಹೇಳಿದ್ದನ್ನು ಕೇಳುತ್ತಾರೆ. ಹೇಳಿಕೊಂಡವನಿಗೆ ಮನಸ್ಸು ಹಗುರವಾಗುತ್ತದೆ ಎಂಬುದನ್ನು ನಮ್ಮ ಅಜ್ಜಿಯಂದಿರೂ ಬಲ್ಲವರಾಗಿದ್ದರು. ಆದರೆ ಇಳಿಸಿದ ಆ ಭಾರ ಎಲ್ಲಿಗೆ ಹೋಯಿತು? ಕೇಳಿಸಿಕೊಂಡವರ ಹೆಗಲಿಗೆ ಅದರಲ್ಲಿ ಎಷ್ಟು ಪಾಲು ಬಿತ್ತು?

ನಾನು ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಗಟ್ಟಿಯಾಗಿ ಎತ್ತಿರುವುದು ಇಂಗ್ಲೆಂಡಿನ ಲೇಖಕಿ ಪ್ಯಾಟ್ ಬಾರ್ಕರ್ ಅವರ ಮೂರು ಕಾದಂಬರಿಗಳು: 'ರೀಜನರೇಶನ್' (1991), 'ದಿ ಐ ಇನ್ ದಿ ಡೋರ್' (1993) ಮತ್ತು 'ದಿ ಗೋಸ್ಟ್ ರೋಡ್' (1995). ಕೊನೆಯದಕ್ಕೆ ಬುಕರ್ ಪ್ರಶಸ್ತಿ ಬಂತು. ಮೊದಲನೆಯದು 1997ರಲ್ಲಿ ಚಲನಚಿತ್ರವೂ ಆಯಿತು. ಇವನ್ನು ಮೊದಲ ಮಹಾಯುದ್ಧದ ಕಾದಂಬರಿಗಳೆಂದೇ ಎಲ್ಲರೂ ಓದುವುದು. ಅದು ತಪ್ಪಲ್ಲ. ಆದರೆ ಇವು ಯುದ್ಧಕ್ಕೆ ಹೋಗದೆ ಕುರ್ಚಿಯಲ್ಲಿ ಕೂತು ಯುದ್ಧವನ್ನು ಕೇಳಿಸಿಕೊಂಡ ಒಬ್ಬ ವೈದ್ಯನ ಕಾದಂಬರಿಗಳು ಎನ್ನುವುದು ನನ್ನ ಓದು. ಹಾಗೆ ಓದಿದಾಗ ಇವು ನಮಗೆ ಇನ್ನೂ ಹತ್ತಿರ ಬರುತ್ತವೆ.

ಯಾಕೆ ಹತ್ತಿರ ಎಂದರೆ, ಬ್ರಿಟನ್ನಿನ ಯಾವ ಕನ್ನಡ ಬಳಗಕ್ಕೆ ಹೋದರೂ ಅರ್ಧ ಮಂದಿ ವೈದ್ಯರೇ ಸಿಗುತ್ತಾರೆ. ಅವರಲ್ಲಿ ಮನೋವೈದ್ಯರೂ ಇದ್ದಾರೆ. ಯುಗಾದಿ ಊಟಕ್ಕೆ ಕೂತಾಗ ನನ್ನಂಥ ಸಾಫ್ಟ್‌ವೇರ್ ಮಂದಿ ಆಫೀಸಿನ ಕಷ್ಟಗಳನ್ನು ಹೋಳಿಗೆ ಮುಗಿಯುವತನಕ ಹೇಳುತ್ತಲೇ ಇರುತ್ತೇವೆ. ಅವರನ್ನು "ಹೇಗಿದೆ ಕೆಲಸ?" ಎಂದರೆ "ಬ್ಯುಸಿ ಕಣ್ರೀ" ಎಂಬ ಎರಡೇ ಪದ. ರೋಗಿಯ ಗುಟ್ಟು ಕಾಪಾಡುವುದು ಅವರ ವೃತ್ತಿಧರ್ಮ, ಒಪ್ಪೋಣ. ಆದರೆ ಆ ಎರಡು ಪದಗಳ ಹಿಂದೆ ಏನಿರಬಹುದೆಂದು ನಾವು ಯೋಚಿಸುವುದೇ ಇಲ್ಲ, ಅಲ್ಲವೇ? ಬಾರ್ಕರ್ ಅವರ ಪುಸ್ತಕಗಳು ಅದನ್ನು ಯೋಚಿಸುವಂತೆ ಮಾಡುತ್ತವೆ.

* * *

ಮೊದಲು ಸ್ವಲ್ಪ ಇತಿಹಾಸ. ಎಡಿನ್‌ಬರಾದ ಅಂಚಿನಲ್ಲಿ ಕ್ರೇಗ್ಲಾಕ್‌ಹಾರ್ಟ್ ಎಂಬ ದೊಡ್ಡ ಕಟ್ಟಡವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಜಲಚಿಕಿತ್ಸೆಯ ತಂಗುದಾಣವಾಗಿ ಕಟ್ಟಿದ ಇದು 1916ರಿಂದ 1919ರವರೆಗೆ 'ಶೆಲ್ ಶಾಕ್' ಆದ ಸೇನಾಧಿಕಾರಿಗಳ ಆಸ್ಪತ್ರೆಯಾಗಿತ್ತು. ಈಗ ಅದು ನೇಪಿಯರ್ ವಿಶ್ವವಿದ್ಯಾಲಯದ ಭಾಗ. ಕವಿಗಳಾದ ಸೀಗ್‌ಫ್ರೀಡ್ ಸಸೂನ್ ಮತ್ತು ವಿಲ್‌ಫ್ರೆಡ್ ಓವೆನ್ 1917ರಲ್ಲಿ ಭೇಟಿಯಾದದ್ದು ಅಲ್ಲಿಯೇ.

ಸಸೂನ್ ಶೌರ್ಯಪದಕ ಪಡೆದ ಯೋಧ. ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ, ಇನ್ನು ತಾನು ಹೋರಾಡುವುದಿಲ್ಲ ಎಂದು ಅವರು 1917ರ ಜುಲೈನಲ್ಲಿ ಬಹಿರಂಗ ಹೇಳಿಕೆ ಕೊಟ್ಟರು. ಆ ಹೇಳಿಕೆಯನ್ನು ಸಂಸತ್ತಿನಲ್ಲೂ ಓದಲಾಯಿತು. ಕೋರ್ಟ್ ಮಾರ್ಷಲ್ ಮಾಡಿದರೆ ಸುದ್ದಿಯಾಗುತ್ತದೆ; ಹುಚ್ಚ ಎಂದರೆ ಮಾತಿಗೆ ಬೆಲೆಯೇ ಇರುವುದಿಲ್ಲ. ಗೆಳೆಯ ರಾಬರ್ಟ್ ಗ್ರೇವ್ಸ್ ಅವರ ಓಡಾಟದಿಂದ ಸಸೂನ್ ಮೆಡಿಕಲ್ ಬೋರ್ಡಿನ ಮುಂದೆ ಹೋಗಿ ಕೊನೆಗೆ ಆಸ್ಪತ್ರೆ ಸೇರಿದರು. ಅಲ್ಲಿ ಅವರನ್ನು ನೋಡಿಕೊಂಡ ವೈದ್ಯರು ಡಬ್ಲ್ಯೂ.ಎಚ್.ಆರ್. ರಿವರ್ಸ್. ಆಗ ಅವರಿಗೆ ಐವತ್ತಮೂರು ವರ್ಷ.

ಈ ರಿವರ್ಸ್ ನಮಗೆ ಪೂರ್ತಿ ಅಪರಿಚಿತರಲ್ಲ. ಮನೋವೈದ್ಯರಾಗುವ ಮುಂಚೆ ಅವರು ಮಾನವಶಾಸ್ತ್ರಜ್ಞರು. 1901-02ರಲ್ಲಿ ನೀಲಗಿರಿಗೆ ಬಂದು ತಿಂಗಳುಗಟ್ಟಲೆ ತೋಡರ ನಡುವೆ ಇದ್ದು, 1906ರಲ್ಲಿ 'ದಿ ತೋಡಾಸ್' ಎಂಬ ದಪ್ಪ ಗ್ರಂಥ ಪ್ರಕಟಿಸಿದರು. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರು ಆ ತೋಡರ ನೆರೆಯವರು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಅಪ್ಪ ಯಾರು, ಅಜ್ಜ ಯಾರು, ಯಾರಿಗೆ ಯಾರು ಏನಾಗಬೇಕು ಎಂದು ಕೇಳುತ್ತಾ ವಂಶಾವಳಿ ಬರೆದುಕೊಳ್ಳುವುದು ರಿವರ್ಸ್ ಅವರ ವಿಧಾನ. ಅಂದರೆ ಕೇಳುವುದು ಅವರಿಗೆ ಬದುಕಿಡೀ ಮಾಡಿದ ಕಸುಬು.

(ಒಂದು ಸೂಚನೆ: ಇತಿಹಾಸದ ವ್ಯಕ್ತಿಗಳಿಗೆ ಬಹುವಚನ, ಕಾದಂಬರಿಯ ಪಾತ್ರಗಳಿಗೆ ಏಕವಚನ ಬಳಸುತ್ತಿದ್ದೇನೆ. ಬಾರ್ಕರ್ ಇತಿಹಾಸವನ್ನೂ ಕಲ್ಪನೆಯನ್ನೂ ಹೆಣೆದಿರುವುದರಿಂದ ಈ ಗೆರೆ ಉಪಯೋಗಕ್ಕೆ ಬರುತ್ತದೆ.)

* * *

ಕಾದಂಬರಿಯ ರಿವರ್ಸ್‌ನ ಚಿಕಿತ್ಸೆ ಕೇಳಲು ಸರಳ. ಕಂಡ ಭೀಕರವನ್ನು ಮರೆಯಬೇಡ, ನೆನಪು ಮಾಡಿಕೋ, ಮಾತಿನಲ್ಲಿ ಹೇಳು. ನಿಜವಾದ ರಿವರ್ಸ್ ಕೂಡ ನೆನಪುಗಳನ್ನು ಅದುಮಿಡುವುದರ ಅಪಾಯವನ್ನು ಕುರಿತು 1918ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಗಂಡಸು ಅಳಬಾರದು ಎಂದು ಕಲಿತು ಬಂದ ಯುವಕರಿಗೆ ಅಳು ತಪ್ಪಲ್ಲ, ಹೆದರಿಕೆ ಹೇಡಿತನವಲ್ಲ ಎಂದು ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದರೆ ಈ ಚಿಕಿತ್ಸೆಗೆ ಒಂದು ಷರತ್ತು ಇದೆ. ರೋಗಿ ನೆನಪು ಮಾಡಿಕೊಳ್ಳಬೇಕಾದರೆ ವೈದ್ಯ ಅದನ್ನು ಪೂರ್ತಿ ಕೇಳಬೇಕು. ಬರ್ನ್ಸ್ ಎಂಬ ಯುವಕನನ್ನು ತೆಗೆದುಕೊಳ್ಳಿ. ಶೆಲ್ ಸಿಡಿದ ರಭಸಕ್ಕೆ ಎಸೆಯಲ್ಪಟ್ಟ ಅವನ ಮುಖ ಕೊಳೆತು ಉಬ್ಬಿದ ಹೆಣವೊಂದರ ಹೊಟ್ಟೆಗೆ ಹೋಗಿ ಹೂತಿದೆ. ಅಂದಿನಿಂದ ಅವನಿಗೆ ಅನ್ನ ಗಂಟಲಲ್ಲಿ ಇಳಿಯದು. ನಿಜವಾದ ರಿವರ್ಸ್ ಬರೆದಿಟ್ಟ ಒಂದು ಪ್ರಸಂಗವೇ ಇದಕ್ಕೆ ಮೂಲ. ಕೆಟ್ಟ ನೆನಪಿನಲ್ಲೂ ಹಿಡಿದುಕೊಳ್ಳಲು ಏನಾದರೊಂದು ಒಳ್ಳೆಯ ಎಳೆ ಹುಡುಕಿಕೊಡುವುದು ಅವರ ಕ್ರಮ. ಈ ಪ್ರಸಂಗದಲ್ಲಿ ಅಂಥ ಎಳೆ ಸಿಗಲಿಲ್ಲ. ಬಾರ್ಕರ್ ಈ ವೈದ್ಯಕೀಯ ಟಿಪ್ಪಣಿಯನ್ನು ತಿರುಗಿಸಿ ಹಿಡಿದು, ಎಳೆ ಸಿಗದೆ ಹೋದಾಗ ವೈದ್ಯನಿಗೆ ಏನಾಗುತ್ತದೆ ಎಂದು ನೋಡುತ್ತಾರೆ.

ಆಗುವುದು ಏನೂ ನಾಟಕೀಯವಲ್ಲ. ರಿವರ್ಸ್ ಕನ್ನಡಕ ತೆಗೆದು ಕಣ್ಣಿನ ಮೇಲೆ ಕೈ ಸವರಿಕೊಳ್ಳುತ್ತಾನೆ. ಮೊದಲಿನಿಂದ ಇದ್ದ ಉಗ್ಗು ಬಂದು ಹೋಗುತ್ತದೆ. ದಣಿವು ನಿದ್ದೆಯಿಂದ ಹೋಗುವುದಿಲ್ಲ. ಒಂದು ರಾತ್ರಿ ಎದೆನೋವಿನಿಂದ ಎಚ್ಚರವಾಗುತ್ತದೆ, ನಾಡಿ ತಾಳ ತಪ್ಪಿದೆ. ಆಸ್ಪತ್ರೆಯ ಮುಖ್ಯಸ್ಥ ಬ್ರೈಸ್ ಪರೀಕ್ಷಿಸಿ, ಒತ್ತಾಯ ಮಾಡಿ ಕೆಲವು ವಾರಗಳ ರಜೆಗೆ ಕಳಿಸುತ್ತಾನೆ. ಇಷ್ಟೇ. ಬಾರ್ಕರ್ ಎಲ್ಲಿಯೂ ದನಿ ಏರಿಸುವುದಿಲ್ಲ. ರೋಗಿಗಳ ಲಕ್ಷಣಗಳ ಪಟ್ಟಿಯನ್ನೂ ವೈದ್ಯನ ಲಕ್ಷಣಗಳ ಪಟ್ಟಿಯನ್ನೂ ಓದುಗ ತಾನೇ ಪಕ್ಕಪಕ್ಕ ಇಟ್ಟು ನೋಡಬೇಕು. ನೋಡಿದಾಗ, ಫ್ರಾನ್ಸಿನ ಕಂದಕಗಳಲ್ಲಿ ಆಗುತ್ತಿರುವುದು ಇಲ್ಲಿ ಮೇಜಿನ ಈಚೆಗೂ ಆಗುತ್ತಿದೆ ಎಂಬುದು ಮೆಲ್ಲಗೆ ಅರಿವಾಗುತ್ತದೆ.

* * *

ಇಂದು ಇದಕ್ಕೆ ಹೆಸರುಗಳಿವೆ. ಲೀಸಾ ಮೆಕಾನ್ ಮತ್ತು ಲಾರಿ ಆನ್ ಪರ್ಲ್‌ಮನ್ 1990ರಲ್ಲಿ 'ವೈಕೇರಿಯಸ್ ಟ್ರಾಮಟೈಸೇಶನ್' ಎಂಬ ಪದ ತಂದರು. ಸಂತ್ರಸ್ತರ ಕಥೆಗಳನ್ನು ಕೇಳಿ ಕೇಳಿ ಚಿಕಿತ್ಸಕರು ಜಗತ್ತನ್ನು ನೋಡುವ ಬಗೆಯೇ ಬದಲಾಗುತ್ತದೆ, ನಂಬಿಕೆ, ಸುರಕ್ಷತೆಯ ಭಾವನೆಗಳೇ ಅಲುಗುತ್ತವೆ ಎನ್ನುವುದು ಅವರ ವಾದ. ಜೂಡಿತ್ ಹರ್ಮನ್ 1992ರ 'ಟ್ರಾಮಾ ಅಂಡ್ ರಿಕವರಿ'ಯಲ್ಲಿ ಈ ನೋವು ಅಂಟುಗುಣದ್ದು, ಇದರ ಚಿಕಿತ್ಸೆಗೆ ಯಾರೂ ಒಬ್ಬಂಟಿಯಾಗಿ ಕೂರಬಾರದು ಎಂದು ಎಚ್ಚರಿಸಿದರು. ಚಾರ್ಲ್ಸ್ ಫಿಗ್ಲಿ 1995ರಲ್ಲಿ 'ಕಂಪ್ಯಾಶನ್ ಫಟೀಗ್' ಕುರಿತ ಪುಸ್ತಕ ತಂದರು. ಕರುಣೆಯ ದಣಿವು ಎನ್ನಬಹುದೇನೋ. ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ 2013ರ ಆವೃತ್ತಿಯಲ್ಲಿ, ವೃತ್ತಿಯ ಕಾರಣಕ್ಕೆ ಮತ್ತೆ ಮತ್ತೆ ಭೀಕರ ವಿವರಗಳಿಗೆ ಒಡ್ಡಿಕೊಳ್ಳುವುದೂ ಪಿಟಿಎಸ್‌ಡಿಗೆ ಕಾರಣವಾಗಬಹುದೆಂದು ಒಪ್ಪಿತು.

ವರ್ಷಗಳನ್ನು ಗಮನಿಸಿ. ಬಾರ್ಕರ್ ಅವರ ಮೂರು ಕಾದಂಬರಿಗಳು ಬಂದದ್ದು ಸರಿಯಾಗಿ ಈ ಪದಗಳು ಹುಟ್ಟುತ್ತಿದ್ದ ವರ್ಷಗಳಲ್ಲಿ. ಒಬ್ಬರಿಂದ ಒಬ್ಬರು ಪಡೆದರೆಂದು ನಾನು ಹೇಳುತ್ತಿಲ್ಲ. ವಿಜ್ಞಾನ ಹೆಸರಿಡುತ್ತಿದ್ದುದನ್ನು ಕಾದಂಬರಿ ಆಗಲೇ ಒಬ್ಬ ಮನುಷ್ಯನ ಮೈಯಲ್ಲಿ ಇಟ್ಟು ತೋರಿಸುತ್ತಿತ್ತು ಎನ್ನುವುದಷ್ಟೇ ನನ್ನ ಮಾತು.

ಆದರೆ ಕಾದಂಬರಿ ಈ ಪದಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನನಗೆ ಮುಖ್ಯವೆನಿಸುವುದು ಅದೇ. 'ದಣಿವು' ಎಂದೊಡನೆ ಪರಿಹಾರ ವಿಶ್ರಾಂತಿ ಎಂದಾಗುತ್ತದೆ. ನಮ್ಮ ಕಾಲದ ಕಂಪನಿಗಳೂ ಆಸ್ಪತ್ರೆಗಳೂ ಕೊಡುವುದು ಅದನ್ನೇ: ರಜೆ ತಗೊಳ್ಳಿ, ಯೋಗ ಮಾಡಿ, ಉಸಿರಾಟ ಕಲಿಸುವ ಆಪ್ ಹಾಕಿಕೊಳ್ಳಿ. ರಿವರ್ಸ್‌ಗೂ ರಜೆ ಸಿಕ್ಕಿತಲ್ಲ? ಅವನು ತಮ್ಮನ ತೋಟದ ಮನೆಗೆ ಹೋಗುತ್ತಾನೆ. ಅಲ್ಲಿ ಊರ ಚರ್ಚಿನಲ್ಲಿ ಕೂತಾಗ ಬಣ್ಣದ ಗಾಜಿನಲ್ಲಿ ಕಾಣುವುದು ಅಬ್ರಹಾಮ ಮಗ ಐಸಾಕನನ್ನು ಬಲಿಕೊಡಲು ಹೊರಟ ಚಿತ್ರ. ಹಿರಿಯರ ಮಾತಿಗೆ ತಲೆಬಾಗಿದ ಕಿರಿಯರನ್ನು ಹಿರಿಯರು ಈಗ ನಿಜವಾಗಿಯೂ ಬಲಿಕೊಡುತ್ತಿದ್ದಾರೆ ಎಂದು ಅವನಿಗೆ ಹೊಳೆಯುತ್ತದೆ. 'ಕೆರೆಗೆ ಹಾರ' ಕೇಳಿ ಬೆಳೆದ ನಮಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಹಿರಿಯರು ಕೂತು ತೀರ್ಮಾನಿಸುತ್ತಾರೆ, ಹಾರವಾಗುವವಳು ಕಿರಿಯ ಸೊಸೆ ಭಾಗೀರಥಿ.

ರಿವರ್ಸ್‌ನ ಗಾಯದ ಬೇರು ಇಲ್ಲಿದೆ. ಭೀಕರವನ್ನು ಕೇಳಿದ್ದರಿಂದ ಅವನು ಜರ್ಜರಿತನಾದ, ನಿಜ. ಅದಕ್ಕಿಂತ ಹೆಚ್ಚಾಗಿ, ತಾನು ಗುಣಪಡಿಸಿದವರೆಲ್ಲ ಅದೇ ಭೀಕರಕ್ಕೆ ವಾಪಸು ಹೋಗುತ್ತಾರೆ ಎಂಬ ಅರಿವು ಅವನನ್ನು ಕೊರೆಯುತ್ತದೆ. ಚಿಕಿತ್ಸೆ ಯಶಸ್ವಿಯಾದಷ್ಟೂ ಸಾವು ಹತ್ತಿರ. ಮೊದಲ ಕಾದಂಬರಿ ಮುಗಿಯುವುದೇ ಸಸೂನ್ ಕರ್ತವ್ಯಕ್ಕೆ ಮರಳಲು ಯೋಗ್ಯ ಎಂದು ಅವನ ಕಡತದಲ್ಲಿ ಬರೆಯುವುದರೊಂದಿಗೆ. ಒಬ್ಬ ಗುಮಾಸ್ತ ಬರೆಯಬಹುದಾದ ಶುಷ್ಕ ವಾಕ್ಯ. ಆದರೆ ಇಡೀ ಪುಸ್ತಕ ಓದಿ ಬಂದವರಿಗೆ ಅದು ತೀರ್ಪಿನಂತೆ ಕೇಳುತ್ತದೆ, ವೈದ್ಯನ ಮೇಲಿನ ತೀರ್ಪಿನಂತೆ. ತಾನು ಸರಿಯಲ್ಲವೆಂದು ತಿಳಿದದ್ದರಲ್ಲಿ ಭಾಗಿಯಾಗುವ ಈ ನೋವಿಗೆ 'ಮಾರಲ್ ಇಂಜುರಿ' ಎಂಬ ಮಾತನ್ನು ವಿಯೆಟ್ನಾಂ ಯೋಧರ ವೈದ್ಯರಾಗಿದ್ದ ಜೊನಾಥನ್ ಶೇ 1990ರ ದಶಕದಲ್ಲಿ ಬಳಕೆಗೆ ತಂದರು. ರಜೆಯಿಂದ ವಾಸಿಯಾಗದ ದಣಿವು ಇದು.

ಈ ಅರಿವು ಪೂರ್ತಿಯಾಗುವುದು ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ. ಅಲ್ಲಿ ಡಾಕ್ಟರ್ ಯೆಲ್ಯಾಂಡ್ ಮಾತು ನಿಂತುಹೋದ ಸಾಮಾನ್ಯ ಸಿಪಾಯಿಯೊಬ್ಬನನ್ನು ಕೋಣೆಯಲ್ಲಿ ಕೂಡಿಹಾಕಿ, ಗಂಟಲಿಗೆ ವಿದ್ಯುತ್ ಕೊಟ್ಟು ಕೊಟ್ಟು ಮಾತು ಹೊರಡಿಸುತ್ತಾನೆ. ರಿವರ್ಸ್ ಸುಮ್ಮನೆ ನೋಡುತ್ತಾ ಕೂರುತ್ತಾನೆ. ಯೆಲ್ಯಾಂಡ್ ಕೂಡ ಇತಿಹಾಸದ ವ್ಯಕ್ತಿ. ತಮ್ಮ ವಿಧಾನವನ್ನು ಅವರೇ 1918ರ ಪುಸ್ತಕದಲ್ಲಿ ಬಣ್ಣಿಸಿದ್ದಾರೆ. ಆ ರಾತ್ರಿ ರಿವರ್ಸ್‌ಗೆ ಕೆಟ್ಟ ಕನಸು. ಕನಸಿನಲ್ಲಿ ರೋಗಿಯ ಬಾಯಿಗೆ ಕುದುರೆಯ ಕಡಿವಾಣ ತುರುಕುತ್ತಿರುವ ಕೈ ತನ್ನದೇ. ಯೆಲ್ಯಾಂಡ್ ಕ್ರೂರಿ, ತಾನು ಕರುಣಾಳು ಎಂದುಕೊಂಡಿದ್ದವನಿಗೆ ಇಬ್ಬರ ಕೆಲಸವೂ ಒಂದೇ ಎಂದು ಕಾಣುತ್ತದೆ. ಆ ಸಿಪಾಯಿಯ ಮೌನವೂ ಪ್ರತಿಭಟನೆ, ಸಸೂನ್‌ನ ಹೇಳಿಕೆಯೂ ಪ್ರತಿಭಟನೆ. ಒಬ್ಬ ವಿದ್ಯುತ್ತಿನಿಂದ, ಇನ್ನೊಬ್ಬ ಸವಿಮಾತಿನಿಂದ ಅವನ್ನು ಅಡಗಿಸಿದರು.

ಇದು ಬರೀ ಕಲ್ಪನೆಯ ಉಬ್ಬರ ಎಂದುಕೊಳ್ಳಬೇಡಿ. ನಿಜವಾದ ರಿವರ್ಸ್ 1922ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದ 'ಕಾನ್‌ಫ್ಲಿಕ್ಟ್ ಅಂಡ್ ಡ್ರೀಮ್' (1923) ಪುಸ್ತಕದಲ್ಲಿ ಅವರು ತಮ್ಮದೇ ಕನಸುಗಳನ್ನು ಬಿಡಿಸಿ ನೋಡಿದ್ದಾರೆ. ಯುದ್ಧವಿರೋಧಿಯಾದ ರೋಗಿಯೊಬ್ಬನ ಒಡನಾಟದಲ್ಲಿ ತಮ್ಮ ಮನಸ್ಸಿನೊಳಗೆ ಎದ್ದ ಗೊಂದಲವೂ ಅಲ್ಲಿದೆ. ರೋಗಿಯ ಮಾತು ವೈದ್ಯನ ನಿದ್ದೆಗೆ ಹೊಕ್ಕದ್ದನ್ನು ವೈದ್ಯರೇ ದಾಖಲಿಸಿದ್ದಾರೆ.

* * *

ಹಾಗಾದರೆ ಇಂಥ ಕೆಲಸದಲ್ಲಿ ಮನುಷ್ಯ ಬದುಕಿ ಉಳಿಯುವುದು ಹೇಗೆ? ಕಾದಂಬರಿಯಲ್ಲಿ ಇದಕ್ಕೆ ಉತ್ತರ ಇದೆ. ಅದು ಉಪದೇಶವಾಗಿ ಇಲ್ಲ, ಮೂರು ದೃಶ್ಯಗಳಾಗಿ ಇದೆ. ಮೂರರಲ್ಲೂ ಪ್ರಶ್ನೆಯ ದಿಕ್ಕು ತಿರುಗುತ್ತದೆ.

ಮೊದಲನೆಯದು, ರಿವರ್ಸ್ ತನ್ನ ಗೆಳೆಯ ಹೆನ್ರಿ ಹೆಡ್‌ಗೆ ಹೇಳುವ ಹಳೆಯ ಕಥೆ. ದಕ್ಷಿಣ ಸಮುದ್ರದ ದ್ವೀಪಗಳ ಕಡೆ ಹಡಗಿನಲ್ಲಿ ಹೋಗುವಾಗ ಅವನು ಎಂದಿನಂತೆ ದ್ವೀಪದವರನ್ನು ಪ್ರಶ್ನಿಸುತ್ತಿದ್ದ: ನಿಮಗೆ ಒಂದು ಗಿನಿ ಸಿಕ್ಕರೆ ಯಾರ ಜೊತೆ ಹಂಚಿಕೊಳ್ಳುತ್ತೀರಿ? ಅವರು ಉತ್ತರ ಹೇಳಿ, ಅದೇ ಪ್ರಶ್ನೆಯನ್ನು ತಿರುಗಿಸಿ ಅವನಿಗೇ ಹಾಕಿದರು. ಅವನ ಉತ್ತರಕ್ಕೆ ಬಿದ್ದು ಬಿದ್ದು ನಕ್ಕರು. ಮದುವೆಯಾಗದ, ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿಲ್ಲದ ಒಬ್ಬಂಟಿ ಮನುಷ್ಯ! ತನ್ನ ಅಳತೆಗೋಲೇ ಜಗತ್ತಿನ ಅಳತೆಗೋಲಲ್ಲ ಎಂದು ಆ ನಗೆಯಲ್ಲಿ ಅವನಿಗೆ ಗೊತ್ತಾಯಿತು. ಗೊತ್ತಾದಾಗ ಆದದ್ದು ಅವಮಾನವಲ್ಲ, ಬಿಡುಗಡೆ.

ಎರಡನೆಯದು ಬಿಲ್ಲಿ ಪ್ರಯರ್. ಇದು ಬಾರ್ಕರ್ ಸೃಷ್ಟಿಸಿದ ಪಾತ್ರ. ಕೆಳವರ್ಗದಿಂದ ಬಂದು ಅಧಿಕಾರಿಯಾದವನು, ನಾಲಿಗೆ ಬಲು ಹರಿತ. ರಿವರ್ಸ್ ಏನು ಹೇಳಿದರೂ ಅಲುಗದೆ ಕೂರುವುದು ಅವನಿಗೆ ರೇಗಿಸುತ್ತದೆ. ಮರುಕ ತೋರುವ ಗೋಡೆಕಾಗದ ಎಂದು ವೈದ್ಯನನ್ನು ಹಂಗಿಸುತ್ತಾನೆ. ಎರಡನೆಯ ಕಾದಂಬರಿಯಲ್ಲಿ ಒಂದು ದಿನ ಇಬ್ಬರೂ ಕುರ್ಚಿ ಬದಲಿಸಿಕೊಳ್ಳುತ್ತಾರೆ. ಪ್ರಯರ್ ಕೇಳುತ್ತಾನೆ, ರಿವರ್ಸ್ ಹೇಳಬೇಕು. ರಿವರ್ಸ್‌ಗೆ ಐದನೇ ವಯಸ್ಸಿನ ಸುಮಾರಿಗೆ ದೃಶ್ಯಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಶಕ್ತಿಯೇ ಹೋಗಿಬಿಟ್ಟಿದೆ. (ನಿಜವಾದ ರಿವರ್ಸ್ ಅವರಿಗೂ ಈ ಕೊರತೆ ಇತ್ತು, ಅವರೇ ಬರೆದಿದ್ದಾರೆ.) ಬೇರೆಯವರ ನೆನಪನ್ನು ಬಗೆಯುವವನು ತನ್ನ ನೆನಪಿಗೆ ಬೀಗ ಹಾಕಿದ್ದಾನೆ ಎನ್ನುವುದನ್ನು ರೋಗಿ ಹಿಡಿದುಬಿಡುತ್ತಾನೆ. ಮೂರು ಪುಸ್ತಕಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಪ್ರಯರ್ ಮಾಡುವುದು ಸೇಡೂ ಹೌದು, ಸೇವೆಯೂ ಹೌದು. ಗೋಡೆಯಂತಿದ್ದರೆ ತಾನು ಸುರಕ್ಷಿತ ಎಂದು ವೈದ್ಯ ನಂಬಿದ್ದ; ಗೋಡೆಗೂ ಬಿರುಕು ಬಿಡುತ್ತದೆ, ಅದು ಯಾರಿಗೂ ಕಾಣುವುದಿಲ್ಲ ಅಷ್ಟೇ.

ಮೂರನೆಯದು ಹೆಡ್ ಜೊತೆಗಿನ ಗೆಳೆತನ. ಮೊದಲ ಪುಸ್ತಕದ ಶೀರ್ಷಿಕೆಯೇ ಇಲ್ಲಿಂದ ಬಂದದ್ದು. 1903ರಲ್ಲಿ ಹೆಡ್ ತಮ್ಮ ತೋಳಿನ ನರವೊಂದನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿಕೊಂಡರು. ಅದು ಮತ್ತೆ ಬೆಳೆಯುವಾಗ ಸ್ಪರ್ಶ ಹೇಗೆ ಮರಳುತ್ತದೆ ಎಂದು ಕೇಂಬ್ರಿಜ್‌ನಲ್ಲಿ ರಿವರ್ಸ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೂಜಿ ಚುಚ್ಚಿ, ಬಿಸಿ ತಣ್ಣಗೆ ಮುಟ್ಟಿಸಿ ದಾಖಲಿಸಿದರು. ಮೊದಲು ಬಂದದ್ದು ಒರಟಾದ, ಎಲ್ಲಿ ನೋವೆಂದು ಹೇಳಲಾಗದ ಸಂವೇದನೆ. ನವಿರಾದ, ಇಂಥ ಕಡೆಯೇ ಎಂದು ಬೊಟ್ಟು ಮಾಡಬಹುದಾದ ಸಂವೇದನೆ ಬಂದದ್ದು ಬಹಳ ತಡವಾಗಿ. ಮರಳಿ ಬೆಳೆಯುವುದು ಎಂದರೆ ಮೊದಲು ನೋವು ಹೆಚ್ಚಾಗುವುದು! ಬಾರ್ಕರ್ ಈ ಪ್ರಯೋಗವನ್ನು ರೂಪಕವಾಗಿ ಬಳಸಿರುವುದು ಎಲ್ಲ ವಿಮರ್ಶಕರಿಗೂ ಕಂಡಿದೆ. ನನಗೆ ಕಾಣುವುದು ಅದರ ಏರ್ಪಾಡು: ಚುಚ್ಚಿಸಿಕೊಳ್ಳುವವನೂ ಚುಚ್ಚುವವನೂ ಸಮಾನರು, ಗೆಳೆಯರು, ಪರಸ್ಪರ ನಂಬಿದವರು. ಕ್ರೇಗ್ಲಾಕ್‌ಹಾರ್ಟಿನಲ್ಲಿ ರಿವರ್ಸ್‌ಗೆ ಇಲ್ಲದೆ ಹೋದದ್ದು ಅಂಥ ಸಮಾನ ಜೊತೆ.

ಈ ದಾರಿ ಎಲ್ಲಿಗೆ ತಲುಪುತ್ತದೆ ಎನ್ನುವುದು 'ದಿ ಗೋಸ್ಟ್ ರೋಡ್'ನಲ್ಲಿದೆ. ತಲೆಗೆ ಗುಂಡು ತಗುಲಿ ಸಾಯುತ್ತಿರುವ ಹ್ಯಾಲೆಟ್ ಎಂಬ ಹುಡುಗ ಅರ್ಥವಾಗದ ಸದ್ದೊಂದನ್ನು ಮತ್ತೆ ಮತ್ತೆ ಹೊರಡಿಸುತ್ತಾನೆ. ಹಾಸಿಗೆಯ ಪಕ್ಕದಲ್ಲಿ ಸೈನಿಕನೇ ಆದ ಅವನ ಅಪ್ಪ ಕೂತಿದ್ದಾನೆ. ಆ ಸದ್ದಿನೊಳಗಿನ ಮಾತು ಏನೆಂದು ತಿಳಿಯುವುದು ರಿವರ್ಸ್‌ಗೆ ಮಾತ್ರ. ಇಷ್ಟೆಲ್ಲ ಕಳೆದುಕೊಂಡದ್ದಕ್ಕೆ ಬೆಲೆಯಿಲ್ಲ ಎಂಬ ಅರ್ಥದ ಮಾತು ಅದು. ಮೊದಲ ಪುಸ್ತಕದ ರಿವರ್ಸ್ ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಈ ರಿವರ್ಸ್ ಅದನ್ನು ಎಲ್ಲರೆದುರು ಹೇಳುತ್ತಾನೆ, ಇಡೀ ವಾರ್ಡು ದನಿಗೂಡಿಸುತ್ತದೆ. ಕೇಳಿಸಿಕೊಂಡದ್ದನ್ನು ನುಂಗುತ್ತಿದ್ದವನು ಕೊನೆಗೆ ಅದಕ್ಕೆ ಸಾಕ್ಷಿ ಹೇಳುವವನಾಗುತ್ತಾನೆ. ಪ್ರಯರ್ ಅಷ್ಟರಲ್ಲಿ ಫ್ರಾನ್ಸಿನ ಕಾಲುವೆಯ ದಡದಲ್ಲಿ, ಕದನವಿರಾಮಕ್ಕೆ ಒಂದು ವಾರ ಮುಂಚೆ, ಓವೆನ್ ಜೊತೆಗೆ ಸತ್ತಿದ್ದಾನೆ. ಕಾದಂಬರಿ ನಮಗೆ ಸಮಾಧಾನ ಹಂಚುವುದಿಲ್ಲ.

* * *

ಇಷ್ಟು ಮೆಚ್ಚಿದ ಮೇಲೆ ತಕರಾರುಗಳನ್ನೂ ಹೇಳಬೇಕು.

ಮೊದಲನೆಯ ತಕರಾರು ದಾದಿಯರದು. ಬರ್ನ್ಸ್ ರಾತ್ರಿ ಕಿರುಚಿದಾಗ ಮೊದಲು ಓಡಿಬಂದವರು ಯಾರು? ವಾಂತಿ ತೊಳೆದವರು, ಬೆವರಿಗೆ ತೊಯ್ದ ಹಾಸಿಗೆ ಬದಲಿಸಿದವರು ಯಾರು? ವೈದ್ಯ ಕೇಳುವುದು ಹಗಲಿನ ಒಂದು ಗಂಟೆ. ವಾರ್ಡಿನ ಸಿಬ್ಬಂದಿ ರಾತ್ರಿಯಿಡೀ ಕೇಳುತ್ತಾರೆ. ಬಾರ್ಕರ್ ಬೇರೆಡೆ ಕಾರ್ಖಾನೆಯ ಹೆಂಗಸರನ್ನು ಅಷ್ಟು ಜೀವಂತವಾಗಿ ಬರೆದವರು. ಆದರೆ ಆಸ್ಪತ್ರೆಯೊಳಗೆ ಅವರ ಗಮನವೆಲ್ಲ ರಿವರ್ಸ್ ಮೇಲೆ. ದಾದಿಯರು ಬಾಗಿಲು ತೆರೆದು ಮುಚ್ಚಿ ಹೋಗುತ್ತಾರೆ. ವೈದ್ಯನ ಎದೆನೋವಿಗೆ ರಜೆ ಕೊಡುವ ಬ್ರೈಸ್ ಇದ್ದಾನೆ, ದಾದಿಯ ಎದೆನೋವಿಗೆ ಯಾರೂ ಇಲ್ಲ. ಅದನ್ನು ಕಾದಂಬರಿಯೂ ಗಮನಿಸಲಿಲ್ಲ.

ಎರಡನೆಯದು ಯೆಲ್ಯಾಂಡ್ ಪಾತ್ರ. ಅವನು ತೀರ ಸುಲಭವಾಗಿ ಖಳನಾಗಿಬಿಡುತ್ತಾನೆ. ಅಧಿಕಾರಿಗಳಿಗೆ ಮಾತಿನ ಚಿಕಿತ್ಸೆ, ಸಿಪಾಯಿಗಳಿಗೆ ವಿದ್ಯುತ್ತು ಎಂಬ ಭೇದ ಬರೀ ಒಬ್ಬ ವೈದ್ಯನ ಸ್ವಭಾವದಿಂದ ಬಂದದ್ದಲ್ಲ. ಹೊತ್ತು ಕೊಟ್ಟು ಕೇಳುವುದು ದುಬಾರಿ, ಸಿಪಾಯಿಗಳು ಲೆಕ್ಕವಿಲ್ಲದಷ್ಟು. ರಿವರ್ಸ್ ಇದನ್ನು ಬಲ್ಲ. ಮಾತು ನಿಲ್ಲುವುದು ಸಿಪಾಯಿಗಳಿಗೆ, ಉಗ್ಗುವುದು ಅಧಿಕಾರಿಗಳಿಗೆ ಎಂದು ಗಮನಿಸಿದವನೂ ಅವನೇ. ಆದರೂ ಆ ವಿದ್ಯುತ್ ಕೋಣೆಯ ಭೀಕರತೆಯ ಮುಂದೆ ಈ ಲೆಕ್ಕಾಚಾರ ಮರೆಯಾಗುತ್ತದೆ. ಯಾರ ನೋವನ್ನು ಕೇಳಲು ಸಮಯವಿದೆ, ಯಾರದಕ್ಕೆ ಇಲ್ಲ ಎನ್ನುವುದು ಇಂದಿಗೂ ಹಣದ ಪ್ರಶ್ನೆಯೇ. ಆದ್ದರಿಂದ ಈ ಮರೆವು ನನಗೆ ಸಣ್ಣದೆನಿಸಲಿಲ್ಲ.

* * *

ಕನ್ನಡದಲ್ಲಿ ಮನಸ್ಸಿನ ಕಾಯಿಲೆಯ ಕುರಿತು ಒಳ್ಳೆಯ ಬರವಣಿಗೆ ಇಲ್ಲವೆಂದಲ್ಲ. ತ್ರಿವೇಣಿಯವರ 'ಶರಪಂಜರ' ಓದಿ, ಆಮೇಲೆ 1971ರ ಪುಟ್ಟಣ್ಣನವರ ಚಿತ್ರದಲ್ಲಿ ಕಲ್ಪನಾ ಅವರನ್ನು ನೋಡಿ ಕಣ್ಣೀರಿಟ್ಟ ತಲೆಮಾರು ನಮ್ಮ ತಾಯಂದಿರದು. ಅಲ್ಲಿ ನಮ್ಮ ಕಣ್ಣೆಲ್ಲ ಕಾವೇರಿಯ ಮೇಲೆ, ಅದು ನ್ಯಾಯವೇ. 'ಕೊರವಂಜಿ' ನಡೆಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ, ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೋಗಿಯ ಮನಸ್ಸಿನ ಬಾಗಿಲು ನಮ್ಮಲ್ಲಿ ತೆರೆದು ಎಷ್ಟೋ ಕಾಲವಾಯಿತು. ಆದರೆ ಎದುರು ಕುರ್ಚಿಯಲ್ಲಿ ಕೂತವರ ಕಥೆ? ನನ್ನ ಓದಿನ ಮಿತಿಯಲ್ಲಿ ಅದು ಇನ್ನೂ ಬರಬೇಕಾಗಿದೆ.

ಬರಬೇಕಾದ ಕಾರಣವೂ ಇದೆ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆ ಆರಂಭವಾಯಿತು. ಬೆಂಗಳೂರ ನಿಮ್ಹಾನ್ಸ್ ಅದರ ಕೇಂದ್ರಬಿಂದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಆ ಕಡೆ ಫೋನ್ ಎತ್ತುವ ಆಪ್ತಸಮಾಲೋಚಕರನ್ನು ನೆನೆಯಿರಿ. ಕರೆ ಮಾಡಿದವರ ಮುಖ ಕಾಣುವುದಿಲ್ಲ, ಫೋನ್ ಇಟ್ಟ ಮೇಲೆ ಅವರಿಗೆ ಏನಾಯಿತೆಂದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಅಷ್ಟರಲ್ಲಿ ಮುಂದಿನ ಕರೆ. ರಿವರ್ಸ್‌ಗೆ ಕಡೆಯ ಪಕ್ಷ ರೋಗಿಯ ಜೊತೆ ನಡೆದಾಡಲು ಹುಲ್ಲುಹಾಸಾದರೂ ಇತ್ತು.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ 'ಆನ್-ಕಾಲ್' ಎಂಬ ಪದ್ಧತಿ ಇದೆ. ರಾತ್ರಿ ಸರ್ವರ್ ಬಿದ್ದರೆ ಏಳಬೇಕಾದವರು ಸರದಿ ಪ್ರಕಾರ ಬದಲಾಗುತ್ತಾರೆ. ಸರದಿ ಮುಗಿದವರು ಮುಂದಿನವರಿಗೆ ನಡೆದದ್ದನ್ನೆಲ್ಲ ಹೇಳಿ ಒಪ್ಪಿಸಬೇಕು. ಒಬ್ಬನೇ ತಿಂಗಳುಗಟ್ಟಲೆ ಎದ್ದರೆ ತಪ್ಪು ಅವನದಲ್ಲ, ವ್ಯವಸ್ಥೆಯದು ಎಂದು ನಾವು ಒಪ್ಪಿದ್ದೇವೆ. ಬರೀ ಯಂತ್ರಗಳಿಗಾಗಿ ಇಷ್ಟು ಮಾಡುತ್ತೇವೆ! ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘ ಬಿಎಸಿಪಿ ತನ್ನ ಮಾನ್ಯತೆ ಪಡೆದ (ಅಕ್ರೆಡಿಟೆಡ್) ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ 'ಸೂಪರ್ವಿಷನ್' ಕಡ್ಡಾಯ ಮಾಡಿದೆ. ಹೆಸರು ಕೇಳಿದರೆ ಮೇಲಧಿಕಾರಿಯ ತಪಾಸಣೆ ಅನ್ನಿಸುತ್ತದೆ. ನಿಜದಲ್ಲಿ ಅದು ಪ್ರಯರ್ ಬದಲಿಸಿದ ಕುರ್ಚಿ. ಆ ಒಂದೂವರೆ ಗಂಟೆ ಕೇಳುವವರು ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಯೋಗ, ಆಪ್ ಎಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅವು ಭಾರವನ್ನು ಹೊರುವವನ ಬೆನ್ನು ಗಟ್ಟಿ ಮಾಡುವ ಉಪಾಯಗಳು. ಭಾರ ಇಳಿಸಿ ಹಂಚುವ ಉಪಾಯಗಳಲ್ಲ. ಮಾಡುತ್ತಿರುವ ಕೆಲಸವೇ ಸರಿಯೇ ಎಂಬ ಪ್ರಶ್ನೆ ಎದ್ದಾಗ ಅದನ್ನು ಬಾಯಿಬಿಟ್ಟು ಕೇಳಲು ಅವು ಜಾಗ ಕೊಡುವುದಿಲ್ಲ. ರಿವರ್ಸ್‌ಗೆ ಬೇಕಾಗಿದ್ದುದು ಆ ಜಾಗ.

ಮೂರೂ ಓದಲು ಸಮಯವಿಲ್ಲದವರು 'ರೀಜನರೇಶನ್' ಒಂದನ್ನಾದರೂ ಓದಿ. ಬಿಡಿಯಾಗಿ ಓದಿದರೂ ಅದು ಪೂರ್ಣ. ಓದಿದ ಮೇಲೆ ಬಳಗದ ನಮ್ಮ ವೈದ್ಯ ಗೆಳೆಯರನ್ನು ಮತ್ತೊಮ್ಮೆ ಕೇಳೋಣ. ರೋಗಿಗಳ ವಿಷಯ ಬೇಡ, ಅವರದೇ ವಿಷಯ. "ಬ್ಯುಸಿ" ಎಂದರೆ ಅಲ್ಲಿಗೇ ಬಿಟ್ಟು ಹೋಳಿಗೆ ಕಡೆ ತಿರುಗದೆ, ಎರಡನೆಯ ಸಲವೂ ಕೇಳೋಣ. ಆಮೇಲೆ ಅವರು ಹೇಳುವುದನ್ನು ಕೇಳೋಣ.